ಅರ್ಧ ವಾಕ್ಯದ ಚಪ್ಪಾಳೆ

ಅವರು ಕೂರುತ್ತಿರಲಿಲ್ಲ. ಬಿಳಿಗೆರೆಯಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ತೋಟ. ನಮ್ಮ ಮನೆಗೆ ಬಂದರೆ ಜಗಲಿಯ ಕಂಬಕ್ಕೆ ಒರಗಿ ನಿಲ್ಲುವರು, ಇಲ್ಲವೇ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಮಾತಾಡುವರು. ಕಾಫಿಯನ್ನೂ ನಡೆಯುತ್ತಲೇ ಕುಡಿದು ಲೋಟವನ್ನು ಕಿಟಕಿಯ ಮೇಲೋ ಕಟ್ಟೆಯ ಮೇಲೋ ಇಟ್ಟು ಹೋಗುವರು. ಆಮೇಲೆ ನಾವು ಹುಡುಕಬೇಕು. "ಒಂದ್ಗಳಿಗೆ ಕೂತ್ಕಳಿ ಮೇಷ್ಟ್ರೇ, ನಿಮ್ಮನ್ನ ನೋಡ್ತಿದ್ರೆ ನನ್ ಕಾಲು ನೋಯ್ತವೆ" ಎಂದು ನಮ್ಮತ್ತೆ ಗದರಿದರೆ, "ಕೂತ್ರೆ ಯಾರೋ ಬಂದು ಎಬ್ಬಿಸ್ಕಂಡು ಹೋಯ್ತಾರೆ ಅನ್ಸುತ್ತೆ ಕಣಮ್ಮ" ಎನ್ನುವರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ನಡೆಯುತ್ತಲೇ.

ಹೋದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಉಂಡು, ತೋಟದಲ್ಲಿ ಬಿದ್ದಿದ್ದ ಗರಿಗಳನ್ನು ಬದುವಿಗೆ ಎಳೆದು ಹಾಕುತ್ತಿದ್ದವರು ಹಾಗೆಯೇ ಆ ರಾಶಿಯ ಮೇಲೆ ಒರಗಿದರು. ಎಂಬತ್ತರ ಹತ್ತಿರ ಹತ್ತಿರ ವಯಸ್ಸು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. "ನಾನು ಹೋದ್ಮೇಲೆ ನೀನು ಏನಾದ್ರೂ ಬರ್ದೇ ಬರೀತೀಯ, ನಂಗೊತ್ತು. ಹೆಸ್ರು ಮಾತ್ರ ಹಾಕ್ಬ್ಯಾಡ. ಹಾಕಿದ್ರೆ ಈ ಕಡೆಯೋರೋ ಆ ಕಡೆಯೋರೋ ಎತ್ಕಂಡು ಫ್ಲೆಕ್ಸ್ ಮಾಡಿಸ್ತಾರೆ" ಎಂದಿದ್ದರು. ಊರಲ್ಲಿ ಎಲ್ಲರೂ ರಷ್ಯಾ ಮೇಷ್ಟ್ರು ಎನ್ನುತ್ತಿದ್ದರು. ಇಲ್ಲಿಗೂ ಅಷ್ಟು ಸಾಕು.

ಹಾಗೆಂದು ಅವರು ರಷ್ಯಾದಲ್ಲಿ ಪಾಠ ಹೇಳಿದವರಲ್ಲ. ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ಮೇಷ್ಟ್ರಾಗಿದ್ದು, ಎಪ್ಪತ್ತರ ದಶಕದ ಕೊನೆಯಲ್ಲಿ ಮಾಸ್ಕೋಗೆ ಹೋದರು. ಅಲ್ಲಿ ಸರ್ಕಾರದ್ದೇ ಒಂದು ಪ್ರಕಾಶನ, ಅದರಲ್ಲೊಂದು ಕನ್ನಡ ವಿಭಾಗ. ಮಕ್ಕಳ ಕಥೆ, ಬಣ್ಣದ ಪತ್ರಿಕೆ, ನಾಯಕರ ಭಾಷಣ, ಟ್ರ್ಯಾಕ್ಟರಿನ ವರ್ಣನೆ, ಏನು ಬಂದರೂ ಕನ್ನಡಕ್ಕೆ ತರುವುದು ಇವರ ಕೆಲಸ. ಆ ದೇಶ ಒಡೆದುಹೋಗುವವರೆಗೂ ಅಲ್ಲಿದ್ದು, ಆಮೇಲೆ ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದು ತೆಂಗಿನ ತೋಟಕ್ಕೆ ಇಳಿದರು. ಮದುವೆಯಾಗಲಿಲ್ಲ. ಕೆಂಕೆರೆಗೆ ಕೊಟ್ಟಿದ್ದ ತಂಗಿ ಗೌರಕ್ಕ, ಗಂಡ ಹೋದ ಮೇಲೆ ಬಂದು ಅಣ್ಣನ ಜೊತೆಗೇ ನಿಂತುಬಿಟ್ಟಳು.

ಅವರು ಮಾಸ್ಕೋಗೆ ಹೋದದ್ದು ನಂಬಿಕೆಯಿಂದ. ಅವರ ಅಪ್ಪ ಗೇಣಿಗೆ ತೋಟ ಮಾಡಿದವರು. ಕಾಯಿ ಇಳಿಸಿದ ದಿನ ಒಡೆಯರ ಗಾಡಿ ಬಂದು ನಿಂತರೆ ಮನೆಗೆ ಉಳಿಯುತ್ತಿದ್ದದ್ದು ಮಟ್ಟೆ ಮತ್ತು ಗರಿ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು, ಅದಕ್ಕಾಗಿ ತಾಲ್ಲೂಕು ಕಚೇರಿ ಅಲೆದು, ಕೊನೆಗೆ ಆ ತೋಟ ಅವರದಾಯಿತು. "ಅಪ್ಪ ಅವತ್ತು ಮೊದಲ್ನೇ ಸಲ ನಮ್ಮ ಕಾಯಿನ ನಮ್ಮ ಅಟ್ಟಕ್ಕೆ ಏರಿಸ್ದ. ಏಣಿ ಮೇಲೆ ನಿಂತ್ಕಂಡು ಅಳ್ತಿದ್ದ. ಅದನ್ನ ಕಣ್ಣಾರೆ ಕಂಡ ಮಗ ರಷ್ಯಾಗಲ್ದೆ ಇನ್ನೆಲ್ಲಿಗೆ ಹೋಗ್ತಾನೆ ಹೇಳು?" ಎಂದು ನನ್ನನ್ನೇ ಕೇಳುತ್ತಿದ್ದರು.

ಅವರನ್ನು ಕಾಣುವ ಮೊದಲೇ ನಾನು ಅವರನ್ನು ಓದಿದ್ದೆ. ನನ್ನ ತವರು ತುರುವೇಕೆರೆ. ನಮ್ಮಪ್ಪ ಆ ಬಣ್ಣದ ಪತ್ರಿಕೆಗೆ ಚಂದಾ ಕಟ್ಟಿದ್ದರು. ಅಪ್ಪನಿಗೆ ರಾಜಕೀಯವೇನೂ ಇರಲಿಲ್ಲ. ನಮ್ಮ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಅಂಥ ನುಣುಪು ಕಾಗದ ಬೇರೆಲ್ಲೂ ಸಿಗುತ್ತಿರಲಿಲ್ಲ. ನನ್ನ ಲೆಕ್ಕದ ಪುಸ್ತಕದ ಮೇಲೆ ಗೋಧಿಯ ಹೊಲದಲ್ಲಿ ನಿಂತು ನಗುವ ಒಬ್ಬ ಹುಡುಗಿ ಇದ್ದಳು, ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡು. ಲೆಕ್ಕ ಬಾರದಾಗ ಅವಳನ್ನು ನೋಡುತ್ತಿದ್ದೆ. ಅವಳ ಊರಿನಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ, ಎಲ್ಲರ ಹಲ್ಲೂ ಬೆಳ್ಳಗಿರುತ್ತವೆ ಎಂದು ನಂಬಿದ್ದೆ. ಮದುವೆಯಾಗಿ ಬಿಳಿಗೆರೆಗೆ ಬಂದ ಹೊಸದರಲ್ಲಿ ಮೇಷ್ಟ್ರಿಗೆ ಇದನ್ನು ಹೇಳಿದೆ, ಅವರಿಗೆ ಖುಷಿಯಾಗುತ್ತದೆಂದು. ನಡೆಯುತ್ತಿದ್ದವರು ನಿಂತರು.

"ಕೆಂಪು ವಸ್ತ್ರವಾ? ಕೈನಲ್ಲಿ ಗೋಧಿ ತೆನೆ?"

"ಹೂಂ, ಅದೇ."

"ಅದರ ಕೆಳಗಿನ ಸಾಲು ನಂದೇ" ಎಂದು ಹೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದರು.

ಅವರಿಗೆ ಆಗದ ಒಂದು ಪದವಿತ್ತು: ಸ್ವಯಂಪ್ರೇರಿತರಾಗಿ. ಟೀವಿಯಲ್ಲಿ ಯಾರಾದರೂ "ಜನ ಸ್ವಯಂಪ್ರೇರಿತರಾಗಿ ಬಂದಿದ್ದಾರೆ" ಎಂದರೆ ಹೋಗಿ ಆರಿಸಿಬಿಡುವರು. "ಈ ಪದಾನ ನಾನು ಎಷ್ಟು ಸಲ ಬರ್ದಿದೀನಿ ಅಂದ್ರೆ, ಅದರ ಎಲುಬು ಮುರ್ದೋಗೈತೆ" ಎನ್ನುತ್ತಿದ್ದರು. ಇನ್ನೊಂದು ಪದವನ್ನು ಗೌರಕ್ಕ ಅವರಿಂದಲೇ ಕಲಿತಿದ್ದಳು. ಅಲ್ಲಿ ಅಂಗಡಿಯಲ್ಲಿ ಸಾಮಾನು ಸಿಗದಿದ್ದರೆ ಪತ್ರಿಕೆಯಲ್ಲಿ "ತಾತ್ಕಾಲಿಕ ಅಡಚಣೆ" ಎಂದು ಬರೆಯಬೇಕಿತ್ತಂತೆ. ಮನೆಯಲ್ಲಿ ಸಕ್ಕರೆ ಮುಗಿದರೆ, ಎಮ್ಮೆ ಒದ್ದು ಹಾಲು ಚೆಲ್ಲಿದರೆ ಗೌರಕ್ಕ ಅಡುಗೆಮನೆಯಿಂದಲೇ ಕೂಗುವಳು: "ಇವತ್ತು ಕಾಫಿಗೆ ತಾತ್ಕಾಲಿಕ ಅಡಚಣೆ ಕಣಣ್ಣೋ!" ಅದಕ್ಕೆ ಮಾತ್ರ ಅವರು ಮನಸಾರೆ ನಗುತ್ತಿದ್ದರು.

ಒಮ್ಮೆ ನಮ್ಮೂರ ಶಾಲೆಯ ಮಕ್ಕಳನ್ನು ರಸ್ತೆ ಬದಿ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಯಾರೋ ದೊಡ್ಡ ಮನುಷ್ಯರು ಆ ದಾರಿಯಲ್ಲಿ ಬರುವವರಿದ್ದರು. ಮಕ್ಕಳ ಕೈಯಲ್ಲಿ ಕಾಗದದ ಬಾವುಟ. ಮೇಷ್ಟ್ರು ತೋಟದಿಂದ ನೋಡಿ ಬಂದು, ಹೆಡ್ಮಾಸ್ಟರನ್ನು ಕೇಳದೆಯೇ ಮಕ್ಕಳನ್ನೆಲ್ಲ ಹೊಂಗೆ ಮರದ ಕೆಳಗೆ ಕೂರಿಸಿದರು. ಹೆಡ್ಮಾಸ್ಟರು ಓಡಿಬಂದು, "ಮಕ್ಕಳೇ ಇಷ್ಟಪಟ್ಟು ನಿಂತಿದ್ದು ಸಾರ್" ಎಂದರು. ಮೇಷ್ಟ್ರು ಅವರತ್ತ ತಿರುಗಿದರು. "ಇಷ್ಟಪಟ್ಟು ಅನ್ಬ್ಯಾಡ್ರೀ. ನಿಲ್ಸಿದೀನಿ ಅನ್ನಿ. ನಿಲ್ಸಿದ್ದಕ್ಕೆ ನಂದೇನೂ ತಕರಾರಿಲ್ಲ. ಇಷ್ಟಪಟ್ಟು ಅಂತ ಮಾತ್ರ ಅನ್ಬ್ಯಾಡಿ" ಎಂದು ಅರಚಿದರು. ಆವತ್ತು ಊರವರು, ವಯಸ್ಸಾಯಿತು, ತಲೆ ಕೆಟ್ಟಿದೆ ಎಂದರು.

ಗಂಭೀರವಾದ ಮಾತೇನಾದರೂ ಇದ್ದರೆ ಅವರು ಮೊದಲು ಬೋರಿನ ಮೋಟರು ಹಾಕುತ್ತಿದ್ದರು. ನೀರು ತೊಟ್ಟಿಗೆ ಭೋರೆಂದು ಬೀಳತೊಡಗಿದ ಮೇಲೆ, ಆ ಸದ್ದಿನ ಪಕ್ಕ ನಿಂತು ಮಾತಾಡುವರು, ಯಾರಾದರೂ ಕದ್ದು ಕೇಳಿಯಾರೆಂಬ ಮಾಸ್ಕೋದ ಅಭ್ಯಾಸದಲ್ಲಿ. ಸುತ್ತಮುತ್ತ ತೆಂಗಿನ ಮರ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. "ಇವನ ಗುಟ್ಟಿನ ದೆಸೆಯಿಂದ ನಮ್ ತೋಟದ ಬೇರು ಕೊಳೀತಾವೆ" ಎಂದು ಗೌರಕ್ಕ ಗೊಣಗುವಳು.

ಮಾಸ್ಕೋದಲ್ಲಿ ಜೊತೆಗೆ ಕೆಲಸ ಮಾಡಿದ್ದ ನೀನಾ ವಿಷಯವನ್ನು ಅವರು ನನಗೆ ಹೇಳಿದ್ದು ಆ ತೊಟ್ಟಿಯ ಪಕ್ಕದಲ್ಲೇ. ಹೇಳಿಸಿದ್ದು ಶಿವಣ್ಣನವರು.

ಶಿವಣ್ಣನವರು ತಿಪಟೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿ ನಿವೃತ್ತರಾದವರು, ಮೇಷ್ಟ್ರಿಗೆ ಹರೆಯದಿಂದ ಸ್ನೇಹಿತರು. ಕೆಂಪು ಬಾವುಟದ ಕೆಳಗೇ ಬೆಳೆದವರು. ನಾರಿನ ಕಾರ್ಖಾನೆಯ ಹೆಂಗಸರಿಗೆ ಕುಡಿಯುವ ನೀರಿಲ್ಲವೆಂದು ಗೇಟಿನೆದುರು ಕೂತು ಪೊಲೀಸರಿಂದ ಏಟು ತಿಂದವರು. ಮೊಣಕೈ ಇಂದಿಗೂ ನೆಟ್ಟಗಾಗುವುದಿಲ್ಲ. ಹಳೆಯ ರಷ್ಯನ್ ಪುಸ್ತಕಗಳ ಕನ್ನಡ ಅನುವಾದಗಳನ್ನು ಅವರಷ್ಟು ಜೋಪಾನವಾಗಿ ಇಟ್ಟವರನ್ನು ನಾನು ಕಂಡಿಲ್ಲ. ಅವುಗಳ ಪ್ರದರ್ಶನವನ್ನು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಏರ್ಪಡಿಸಿ, ಉದ್ಘಾಟನೆಗೆ ಕರೆಯಲು ಬಿಳಿಗೆರೆಗೆ ಬಂದರು.

"ನೀನೇ ದೀಪ ಹಚ್ಬೇಕು ಕಣ್ಲಾ. ಅರ್ಧ ಪುಸ್ತಕ ನಿನ್ನವೇ."

"ಬ್ಯಾಡ ಬುಡ್ಲಾ."

"ಯಾಕ್ಲಾ ಬ್ಯಾಡ? ಜನ ಅಳ್ತಾರೆ ನೋಡ್ತಿರು. ಐವತ್ತು ವರ್ಸದೋರೂ ಮಕ್ಕಳಾಗ್ತಾರೆ."

"ಅದಕ್ಕೇ ಬ್ಯಾಡ."

ಶಿವಣ್ಣನವರು ಬಿಡಲಿಲ್ಲ. ದಿನಾಂಕ ಹೇಳಿ, ಬೆನ್ನು ತಟ್ಟಿ ಹೋದರು. ಸಂಜೆ ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಮೇಷ್ಟ್ರು ಬೇಲಿಯ ಬಳಿ ನಿಂತಿದ್ದರು. "ಬಾಮ್ಮ ಇಲ್ಲಿ" ಎಂದು ಕರೆದು ಮೋಟರು ಹಾಕಿದರು.

ಆಕೆಯ ಹೆಸರು ನೀನಾ ಅಲ್ಲ. ಅವರಿನ್ನೂ ಅಲ್ಲೇ ಇರುವುದರಿಂದ ನಾನು ಬದಲಿಸಿದ್ದೇನೆ. ಕನ್ನಡ ವಿಭಾಗದಲ್ಲಿ ಅನುವಾದಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದುವ ಕೆಲಸ ಅವರದು. ವ್ಯಾಕರಣ ಪುಸ್ತಕದಿಂದ ಕನ್ನಡ ಕಲಿತ ರಷ್ಯನ್ ಹೆಂಗಸು, ಮೊದಲ ದಿನವೇ ಇವರನ್ನು "ತಾವು ಭೋಜನವನ್ನು ಮುಗಿಸಿದಿರಾ?" ಎಂದು ಕೇಳಿದರಂತೆ. ಕರ್ನಾಟಕವನ್ನೇ ಕಾಣದ ಆಕೆ ಇವರ ಒಂದೊಂದು ಸಾಲನ್ನೂ ಬೆರಳಿಟ್ಟು ಓದುತ್ತಿದ್ದರು. "ಇಡೀ ದೇಶದಲ್ಲಿ ನನ್ನ ಕನ್ನಡ ಓದೋಳು ಅವ್ಳೊಬ್ಳೇ ಕಣಮ್ಮ. ಊರವ್ರು ಏನೇನೋ ಅಂದ್ಕಂಡವ್ರೆ. ಅವ್ಳಿಗೆ ಗಂಡ ಇದ್ದ, ಮಗ್ಳಿದ್ಳು. ನಂಗೆ ಅವ್ಳು ಮನೆ ಮಾತಾಗಿದ್ಳು, ಅಷ್ಟೇ."

ಒಮ್ಮೆ ಉಕ್ರೇನಿನ ಹಳ್ಳಿಯೊಂದರ ಬಗ್ಗೆ ಲೇಖನ ಬಂತು. ಅಲ್ಲಿನ ರೈತರು ಸಾಮೂಹಿಕ ಬೇಸಾಯಕ್ಕೆ ಹೇಗೆ ಸ್ವಯಂಪ್ರೇರಿತರಾಗಿ ಸೇರಿದರು ಎಂದು. ಇವರು ಅನುವಾದಿಸಿ ಕೊಟ್ಟರು. ನೀನಾ ಓದಿ, ಏನನ್ನೂ ತಿದ್ದದೆ ವಾಪಸು ಕೊಟ್ಟರು. ಸಂಜೆ ಟ್ರಾಮಿನಲ್ಲಿ ಹೋಗುವಾಗ, ಕನ್ನಡದಲ್ಲಿ, ಸುತ್ತ ಕೂತವರಿಗೆ ಯಾರಿಗೂ ತಿಳಿಯದ ಕನ್ನಡದಲ್ಲಿ, ಆ ಸೀಮೆಯವರೇ ಆದ ತಮ್ಮ ಅಜ್ಜಿಯ ಕಥೆ ಹೇಳಿದರು. ಕಾಳು ಕಿತ್ತುಕೊಂಡು ಹೋದ ಕಥೆ, ಹಸಿವಿನ ಕಥೆ.

"ಆಮೇಲೆ?" ಎಂದೆ.

"ಆಮೇಲೆ ನಮ್ಮ ವಿಭಾಗದ ಮುಖ್ಯಸ್ಥ ನನ್ನ ಕರ್ದ. ಬೆದರಿಸ್ಲಿಲ್ಲ ಕಣಮ್ಮ, ಅದನ್ನ ನೀನು ತಿಳ್ಕಬೇಕು. ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ. ನಿಮ್ಮ ಒಪ್ಪಂದ ಮುಂದಿನ ವರ್ಸಕ್ಕೂ ಮಾಡ್ಬೇಕಲ್ಲ ಅಂದ. ನೀನಾ ಜೊತೆ ಸಂಜೆ ಹೊತ್ತು ಏನ್ ಮಾತಾಡ್ತಾ ಹೋಗ್ತೀರಿ, ಕನ್ನಡ ಕೇಳೋಕೆ ಚೆನ್ನಾಗಿರ್ತದೆ ಅಂದ. ವ್ಯಾಕರಣ ಅನ್ಬೋದಿತ್ತು. ಹವಾಮಾನ ಅನ್ಬೋದಿತ್ತು. ನಾನೇ ಹೇಳ್ದೆ. ಅವ್ರ ಅಜ್ಜಿ ವಿಷ್ಯ ಹೇಳ್ತಿರ್ತಾರೆ ಅಂದೆ."

ನೀರು ಬೀಳುತ್ತಲೇ ಇತ್ತು. ಕೆಲವು ವಾರಗಳ ನಂತರ ಒಂದು ಸಭೆ ಸೇರಿತು. ನೀನಾ ಅವರ ಕೋರಿಕೆಯ ಮೇರೆಗೆ ಅವರನ್ನು ಪುಸ್ತಕದ ಗೋದಾಮಿಗೆ ವರ್ಗಾಯಿಸಲಾಗಿದೆ ಎಂದು ಓದಿದರು. ಎಲ್ಲರೂ ಕೈ ಎತ್ತಿದರು. ಇವರೂ ಎತ್ತಿದರು. ಆಕೆ ಮತ್ತೆಂದೂ ಕನ್ನಡದ ಒಂದು ಸಾಲನ್ನೂ ತಿದ್ದಲಿಲ್ಲ.

"ಈಗ ಹೇಳು, ಆ ದೀಪ ನಾನು ಹಚ್ಲಾ?"

"ಹಚ್ಚಿ, ಆದರೆ ಇದನ್ನೂ ಹೇಳಿ" ಎಂದೆ. ಸುಲಭವಾಗಿ ಹೇಳಿಬಿಟ್ಟೆ ಎಂದು ಈಗ ಅನಿಸುತ್ತದೆ.

ಪ್ರದರ್ಶನದ ದಿನ ಮಂಟಪ ತುಂಬಿತ್ತು. ಚಿಕ್ಕನಾಯಕನಹಳ್ಳಿಯಿಂದಲೂ ಜನ ಬಂದಿದ್ದರು. ಶಿವಣ್ಣನವರು ಹೇಳಿದಂತೆಯೇ ಆಗಿತ್ತು. ತಲೆ ನರೆತವರು ಕರಡಿಯ ಚಿತ್ರದ ಮಕ್ಕಳ ಪುಸ್ತಕ ತೆಗೆದು ಮೂಸಿ, "ಅದೇ ವಾಸನೆ ಕಣ್ರೀ" ಎನ್ನುತ್ತಿದ್ದರು. ನನ್ನ ಕೆಂಪು ವಸ್ತ್ರದ ಹುಡುಗಿಯೂ ಒಂದು ಮೇಜಿನ ಮೇಲೆ ನಗುತ್ತಿದ್ದಳು. ಮೇಷ್ಟ್ರು ದೀಪ ಹಚ್ಚಿ ಮೈಕಿನ ಮುಂದೆ ನಿಂತರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದರು.

"ಈ ಪುಸ್ತಕಗಳು ಚೆನ್ನಾಗಿವೆ. ಮಕ್ಕಳಿಗೆ ಓದಿಸಿ. ನಮ್ಮಪ್ಪನಿಗೆ ಭೂಮಿ ಬಂದದ್ದು ಯಾರ ಕರುಣೆಯಿಂದಲೂ ಅಲ್ಲ. ಭೂಮಿ ಉಳುವವನದು ಅಂತ ಜನ ಬೀದಿಗೆ ಇಳಿದದ್ದರಿಂದ ಬಂತು. ಅದನ್ನ ಸಾಯೋವರೆಗೂ ಹೇಳ್ತೀನಿ." ಇಲ್ಲಿ ಜೋರಾಗಿ ಚಪ್ಪಾಳೆ ಬಿತ್ತು. ಅವರು ಕೈ ಎತ್ತಿ ತಡೆದರು. "ಇನ್ನೂ ವಾಕ್ಯ ಮುಗಿದಿಲ್ಲ. ನಾನು ಕೆಲಸ ಮಾಡ್ತಿದ್ದ ದೇಶದಲ್ಲಿ ಅದೇ ಮಾತು ಹೇಳಿಕೊಂಡು ರೈತರ ಮನೆಯ ಕಾಳು ಹೊತ್ಕೊಂಡು ಹೋದ್ರು. ಮಕ್ಕಳು ಸತ್ತರು. ಅದನ್ನ ಹೇಳಿದೋರ ಬಾಯಲ್ಲೇ ಇಲ್ಲ ಅಂತ ಹೇಳಿಸಿದ್ರು. ಹಾಗೆ ಇಲ್ಲ ಅನ್ನಿಸೋ ಕೆಲಸದಲ್ಲಿ ಕನ್ನಡದ ಪಾಲು ನಂದು. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬ ಹೆಣ್ಣುಮಗಳ ಅನ್ನ ನನ್ನ ಬಾಯಿಂದ ಹೋಯ್ತು."

ಹಿಂದಿನ ಸಾಲಿನಿಂದ ಯಾರೋ ಎದ್ದು, "ಅದೆಲ್ಲ ಅಮೆರಿಕದೋರ ಅಪಪ್ರಚಾರ ಸ್ವಾಮಿ!" ಎಂದರು.

"ಆ ವಾಕ್ಯಾನೂ ಕನ್ನಡಕ್ಕೆ ಮಾಡಿದ್ದು ನಾನೇ ಕಣಪ್ಪ" ಎಂದು ಹೇಳಿ ಮೇಷ್ಟ್ರು ಇಳಿದುಬಂದರು. ಶಿವಣ್ಣನವರು ಅವರ ಮುಖ ನೋಡಲಿಲ್ಲ. ನೆಟ್ಟಗಾಗದ ಕೈಯಲ್ಲಿ ಪುಸ್ತಕಗಳನ್ನು ಸರಿಪಡಿಸುತ್ತ ನಿಂತಿದ್ದರು.

ಮಾರನೆಯ ದಿನ ಎಲ್ಲರ ಮೊಬೈಲಿನಲ್ಲೂ ಮೇಷ್ಟ್ರು. ಒಂದು ವಿಡಿಯೋದಲ್ಲಿ "ನಾನು ಕೆಲಸ ಮಾಡ್ತಿದ್ದ ದೇಶದಲ್ಲಿ" ಎಂಬಲ್ಲಿಂದ ಮಾತು ಶುರುವಾಗುತ್ತಿತ್ತು. ಹಿಂದೆ ಯುದ್ಧದ ಸಂಗೀತ, ಮೇಲೆ "ಕೆಂಪು ದ್ರೋಹಿಗಳ ಮುಖವಾಡ ಕಳಚಿದ ತಿಪಟೂರಿನ ಹಿರಿಯ" ಎಂಬ ಅಕ್ಷರ. ಇನ್ನೊಂದರಲ್ಲಿ "ಸಾಯೋವರೆಗೂ ಹೇಳ್ತೀನಿ" ಎಂಬಲ್ಲಿಗೆ ಮಾತು ಮುಗಿದು ಚಪ್ಪಾಳೆ ಕೇಳುತ್ತಿತ್ತು. ಗೌರಕ್ಕ ಎರಡನ್ನೂ ನೋಡಿ, "ಅಣ್ಣನ್ನ ಕಾಯಿ ಒಡೆದಂಗೆ ಎರಡು ಹೋಳು ಮಾಡವ್ರಲ್ಲೇ" ಎಂದಳು.

ಮೇಷ್ಟ್ರು ಬಸ್ಸು ಹತ್ತಿ ತಿಪಟೂರಿಗೆ ಹೊರಟರು. ಅವರ ಅವಸ್ಥೆ ನೋಡಿ ನಾನೂ ಜೊತೆಗೆ ಹೋದೆ. ಮೊದಲ ವಿಡಿಯೋ ಮಾಡಿದಾತನದು ಕೊಬ್ಬರಿ ಮಾರುಕಟ್ಟೆಯ ಹತ್ತಿರ ಮೊಬೈಲ್ ಅಂಗಡಿ. ಮೂವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಕಂಡೊಡನೆ ಎದ್ದು ಕಾಲು ಮುಟ್ಟಲು ಬಂದ.

"ಪೂರ್ತಿ ಹಾಕಪ್ಪ ಅದನ್ನ" ಎಂದರು ಮೇಷ್ಟ್ರು.

"ಪೂರ್ತಿ ಯಾರೂ ನೋಡಲ್ಲ ಸಾರ್. ನಾವೇನ್ ಸುಳ್ಳು ಹಾಕಿದ್ವಾ? ಒಂದಕ್ಷರ ಸೇರ್ಸಿಲ್ಲ. ನಿಮ್ಮ ಮಾತೇ ತಾನೆ?"

ಮೇಷ್ಟ್ರು ಅಂಗಡಿಯ ಆ ಕಿರಿದಾದ ಜಾಗದಲ್ಲೂ ನಡೆಯತೊಡಗಿದರು. "ನಾನೂ ಒಂದಕ್ಷರ ಸುಳ್ಳು ಬರೀತಿರ್ಲಿಲ್ಲ ಕಣಪ್ಪ. ಆ ಹುಡುಗಿ ನಗ್ತಿದ್ದಿದ್ದು ನಿಜ. ಗೋಧಿ ಬೆಳೆದಿದ್ದೂ ನಿಜ. ಪಕ್ಕದ್ದನ್ನ ಬಿಡ್ತಿದ್ದೆ, ಅಷ್ಟೇ."

"ಹಂಗಾದ್ರೆ ನಮ್ ಕೆಲ್ಸ ನಿಮಗೆ ಅರ್ಥ ಆಯ್ತದೆ ಬುಡಿ" ಎಂದು ಆತ ನಗುನಗುತ್ತಲೇ ಟೀ ತರಿಸಿದ. ಮೇಷ್ಟ್ರು ಆ ಟೀಯನ್ನು ಮುಟ್ಟದೆ ರಸ್ತೆಗಿಳಿದರು.

ಶಿವಣ್ಣನವರ ಮನೆಗೆ ಹೋದರೆ ಅವರು ಮನೆಯಲ್ಲಿಲ್ಲ ಎಂದು ಒಳಗಿನಿಂದ ಹೇಳಿದರು. ಚಪ್ಪಲಿ ಬಾಗಿಲಲ್ಲೇ ಇತ್ತು. ಆಮೇಲಿನ ವಾರಗಳಲ್ಲಿ ಮೇಷ್ಟ್ರ ನಡಿಗೆ ಹೆಚ್ಚಾಯಿತು. ತೋಟದಲ್ಲಿ ಸಾಲು ಸಾಲಾಗಿ ಹೋಗಿ ಬರುವರು. ಯಾರೋ ಗೇಟಿನ ಬಳಿ ಹಾರ ಇಟ್ಟು ಹೋಗಿದ್ದರು. ಇನ್ಯಾರೋ ಗೋಡೆಗೆ "ಮಾರಿಕೊಂಡವನು" ಎಂದು ಇದ್ದಿಲಲ್ಲಿ ಬರೆದಿದ್ದರು. ಗೌರಕ್ಕ ಹಾರವನ್ನು ಎಮ್ಮೆಗೆ ಹಾಕಿ, ಗೋಡೆಗೆ ಸುಣ್ಣ ಬಳಿದಳು. ಒಂದು ಬೆಳಿಗ್ಗೆ ಮೇಷ್ಟ್ರು ನನ್ನಲ್ಲಿಗೆ ಬಂದು, "ಅವ್ಳನ್ನ ಹುಡುಕೋಕಾಯ್ತದಾ ನೋಡಮ್ಮ ನಿನ್ ಫೋನಲ್ಲಿ" ಎಂದರು.

ನೀನಾ ಅವರ ಮಗಳು ಸಂಗೀತ ಕಲಿಸುವವರು. ಅವರು ಸಿಕ್ಕರು, ಉತ್ತರ ಬರೆದರು. ತಾಯಿ ಇದ್ದಾರೆ, ಮಾತಾಡುತ್ತಾರೆ ಎಂದರು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ವಿಡಿಯೋ ಕರೆ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಆವತ್ತು ಕುರ್ಚಿಯಲ್ಲಿ ಕೂತರು, ತುದಿಯಲ್ಲಿ. ಪರದೆಯ ಮೇಲೆ ತೆಳ್ಳನೆಯ ಮುದುಕಿ, ದಪ್ಪ ಕನ್ನಡಕ.

"ನಮಸ್ಕಾರ. ತಾವು ಕುಶಲವೇ?" ಎಂದರು. ಪದಪದಕ್ಕೂ ಹುಡುಕಾಡುತ್ತಿದ್ದರೂ ಕನ್ನಡ ಉಳಿದಿತ್ತು. ಮೇಷ್ಟ್ರು ಒಂದೆರಡು ಮಾತು ರಷ್ಯನ್ನಿನಲ್ಲಿ ಆಡಿ, ಆಮೇಲೆ ಕನ್ನಡಕ್ಕೆ ತಿರುಗಿದರು. ಸುತ್ತು ಬಳಸಲಿಲ್ಲ. "ನೀವು ಟ್ರಾಮಿನಲ್ಲಿ ಹೇಳಿದ ಅಜ್ಜಿಯ ಕಥೆಯನ್ನ ನಾನು ಅವರಿಗೆ ಹೇಳಿದೆ. ಅದರಿಂದಲೇ ನಿಮ್ಮನ್ನ ಗೋದಾಮಿಗೆ ಹಾಕಿದರು. ನನ್ನನ್ನ ಕ್ಷಮಿಸಿ."

ಆಕೆಯ ನಗು ಹಾಗೆಯೇ ಇತ್ತು. "ಅಂಥದ್ದು ಏನೂ ಸಂಭವಿಸಲಿಲ್ಲ. ಗೋದಾಮು ನನ್ನ ಮನೆಗೆ ಸಮೀಪ ಇತ್ತು. ನಾನೇ ಕೇಳಿ ಹೋದೆ."

"ನೀನಾ, ಆ ಕಥೆ..."

"ಯಾವ ಕಥೆ? ಅವು ಒಳ್ಳೆಯ ದಿನಗಳು. ಎಲ್ಲರಿಗೂ ಕೆಲಸ ಇತ್ತು. ಮಕ್ಕಳಿಗೆ ಹಾಲು ಇತ್ತು. ತಮ್ಮ ತೋಟದಲ್ಲಿ ಮಳೆ ಬಂದಿತೇ?"

ಮಳೆಯ ಬಗ್ಗೆ ಮಾತಾಡಿ ಕರೆ ಮುಗಿಯಿತು. ಮೇಷ್ಟ್ರು ಫೋನನ್ನು ನನ್ನ ಕೈಗೆ ಕೊಟ್ಟರು. "ಕ್ಷಮಿಸೋಕಾದ್ರೂ ತಪ್ಪು ಅಂತ ಒಂದು ಇರ್ಬೇಕಲ್ಲಮ್ಮ. ಅದನ್ನೇ ಇಲ್ಲ ಅಂದ್ಬುಟ್ಳು."

"ಮರೆತಿರಬಹುದು. ಇಲ್ಲವೇ ಈಗಲೂ ಹೆದರಿಕೆ ಇರಬಹುದು. ನಿಮಗೆ ನೋವಾಗದಿರಲಿ ಅಂತಲೂ ಇರಬಹುದು" ಎಂದೆ.

"ಯಾವುದು ಅಂತ ಗೊತ್ತಾಗ್ದಂಗೆ ಮಾತಾಡೋದನ್ನ ಅಲ್ಲಿ ಎಲ್ರೂ ಕಲ್ತಿದ್ರು ಕಣಮ್ಮ. ನಾನೂ ಕಲ್ತಿದ್ದೆ" ಎಂದು ಎದ್ದು ನಡೆದರು.

ಶಿವಣ್ಣನವರು ತಾವಾಗಿಯೇ ಬಂದದ್ದು ಕಾಯಿ ಸುಲಿಸುವ ಕಾಲದಲ್ಲಿ. ನಾನು ಬೇಲಿಯಾಚೆ ಇದ್ದೆ. ಅವರೇ ನನ್ನನ್ನೂ ಕರೆದರು. ಕಾಯಿಯ ರಾಶಿಯ ಪಕ್ಕ ಮಟ್ಟೆಯ ಮೇಲೆ ಕೂತು, ಯಾವ ಪೀಠಿಕೆಯೂ ಇಲ್ಲದೆ, "ಅವತ್ತು ಮೈಕಲ್ಲಿ ಹೇಳಿದ್ಯಲ್ಲ, ಆ ಕಾಳಿನ ಕಥೆ ಪೂರ್ತಿ ಹೇಳು" ಎಂದರು.

ಮೇಷ್ಟ್ರು ನಿಂತೇ ಹೇಳಿದರು. ಕಾಳು ವಸೂಲಿಗೆ ಬಂದವರೂ ಅದೇ ಸೀಮೆಯ ಹುಡುಗರಂತೆ, ಪರಿಚಯದವರೇ. ಮೊದಲು ಕಣಜ ಬರಿದು ಮಾಡಿದರು. ಆಮೇಲೆ ಅಟ್ಟ ಹತ್ತಿದರು. ಕಬ್ಬಿಣದ ಸರಳು ತಂದು ಮನೆಯ ನೆಲವನ್ನೂ ಗೋಡೆಯನ್ನೂ ಬಡಿದು, ಎಲ್ಲಿ ಪೊಳ್ಳು ಸದ್ದು ಬರುತ್ತದೋ ಅಲ್ಲಿ ಅಗೆದರು. ಒಲೆಯ ಮೇಲಿದ್ದ ಗಂಜಿಯನ್ನೂ ಅಂಗಳಕ್ಕೆ ಚೆಲ್ಲಿದರು. ನೀನಾ ಅವರ ಅಜ್ಜಿ ಆಗ ಹದಿವಯಸ್ಸಿನ ಹುಡುಗಿ. ಆ ಚಳಿಗಾಲ ಅವಳ ಇಬ್ಬರು ತಮ್ಮಂದಿರೂ ಹೋದರು. ಆಕೆ ನಡೆದು ಪಟ್ಟಣ ಸೇರಿ ಬದುಕಿಕೊಂಡಳು. ಮುದುಕಿಯಾದ ಮೇಲೂ ಮನೆಯಲ್ಲಿ ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ಹಾಸಿಗೆಯ ಕೆಳಗೆ ಕೈ ಹಾಕಿ ಏನನ್ನೋ ಮುಚ್ಚಿಡುತ್ತಿದ್ದಳಂತೆ. ಅಲ್ಲಿ ಏನೂ ಇರುತ್ತಿರಲಿಲ್ಲ.

ಶಿವಣ್ಣನವರು ತಲೆ ಎತ್ತದೆ ಕೇಳಿದರು.

"ನಾನು ಏಟು ತಿಂದಿದ್ದು ಸುಳ್ಳಲ್ಲ ಕಣ್ಲಾ" ಎಂದರು ಕೊನೆಗೆ.

"ಸುಳ್ಳು ಅಂತ ನಾನೆಲ್ಲಂದೆ?"

"ಇದೂ ಸುಳ್ಳಲ್ಲ ಅಂತೀಯ."

"ಅಲ್ಲ."

ಶಿವಣ್ಣನವರು ಒಂದು ಮಟ್ಟೆಯ ನಾರನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದರು. "ಆ ಅಜ್ಜಿ ಹೆಸ್ರೇನು?"

ಮೇಷ್ಟ್ರು ಬಾಯಿ ತೆರೆದರು. ಹೆಸರು ಬರಲಿಲ್ಲ. ಆಮೇಲೆ ನಿಧಾನವಾಗಿ, "ಕೇಳ್ಲೇ ಇಲ್ಲ ಕಣ್ಲಾ ನಾನು" ಎಂದರು. ಆವತ್ತಿನ ಅವರ ಮುಖವನ್ನು ನೆನೆದರೆ ನನಗೆ ಈಗಲೂ ಒಂದು ಕಡೆ ನಿಲ್ಲಲಾಗುವುದಿಲ್ಲ. ಮುಖ್ಯಸ್ಥನಿಗೆ ಹೇಳಿದ ಕಥೆ, ಇಷ್ಟು ವರ್ಷ ಎದೆಯಲ್ಲಿ ಹೊತ್ತ ಕಥೆ. ಅದರೊಳಗಿನ ಹೆಂಗಸಿಗೆ ಅವರಲ್ಲಿ ಹೆಸರಿರಲಿಲ್ಲ. ಆ ಸಂಜೆ ಇಬ್ಬರೂ ಕಾಯಿಗಳನ್ನು ಅಟ್ಟಕ್ಕೆ ಎತ್ತಿಕೊಟ್ಟರು. ಶಿವಣ್ಣನವರು ಆಮೇಲೆ ಮೊದಲಿನಂತೆ ಬರಹೋಗತೊಡಗಿದರು. "ನೀನಾಗೆ ಫೋನ್ ಮಾಡಿ ಅದೊಂದನ್ನ ಕೇಳ್ಬೇಕು ಕಣಮ್ಮ, ನಾಳೆ ಮಾಡವ" ಎಂದು ಮೇಷ್ಟ್ರು ನನಗೆ ಹೇಳುತ್ತಲೇ ಇದ್ದರು. ಮಾಡಲಿಲ್ಲ. ಆಕೆ ಮತ್ತೆ ಮಳೆಯ ವಿಷಯ ಎತ್ತಿಬಿಡುತ್ತಾರೆಂಬ ಭಯವಿತ್ತೆಂದು ಕಾಣುತ್ತದೆ.

ಅವರು ಹೋದ ಮೇಲೆ ನಾನು ನೀನಾ ಅವರ ಮಗಳಿಗೆ ಎರಡು ಸಾಲು ತಿಳಿಸಿದೆ. ಎರಡು ದಿನದ ನಂತರ ಆ ಕಡೆಯಿಂದಲೇ ಕರೆ ಬಂತು. ನೀನಾ ಒಬ್ಬರೇ ಇದ್ದರು.

"ಆ ದಿನ ಅವರು ಊಟ ಮಾಡಿದ್ದರೇ?" ಎಂದು ಕೇಳಿದರು.

"ಮಾಡಿದ್ದರು. ಅವರ ತಂಗಿ ಮುದ್ದೆ ಮಾಡಿ ಬಡಿಸಿದ್ದರು" ಎಂದೆ.

ಆಕೆ ತಲೆಯಾಡಿಸಿದರು. "ನಿಮ್ಮ ಅಜ್ಜಿಯ ಹೆಸರನ್ನು ಕೇಳಬೇಕೆಂದಿದ್ದರು. ಕೇಳಲಾಗಲಿಲ್ಲ" ಎಂದೆ.

ಆಕೆ ಎದ್ದುಹೋದರು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಬಂದು ಕೂತು, ಪರದೆಗೆ ತೀರಾ ಹತ್ತಿರ ಬಾಗಿದರು.

"ಹಾನ್ನಾ. ಅವರ ಹೆಸರು ಹಾನ್ನಾ. ತಮ್ಮಂದಿರು ಪೆತ್ರೋ ಮತ್ತು ಇವಾನ್. ಇವಾನ್ ಇನ್ನೂ ನಡೆಯಲು ಕಲಿಯುತ್ತಿದ್ದ." ವ್ಯಾಕರಣ ತಪ್ಪದಂತೆ ಪದಗಳನ್ನು ಜೋಡಿಸಿಕೊಂಡು ಹೇಳಿದರು: "ನಾನು ಅವರಿಗೆ ಹೇಳಿದ್ದು ನಿಜ. ಅವರು ಬೇರೆಯವರಿಗೆ ಹೇಳಿದ್ದೂ ನಿಜ. ನನಗೆ ಅದು ಆ ವಾರವೇ ತಿಳಿಯಿತು." ಕರೆ ನಿಂತಿತು. ಮತ್ತೆ ಪ್ರಯತ್ನಿಸಿದರೆ ಆ ನಂಬರು ಸಿಗಲಿಲ್ಲ. ಈ ಬರಹದಲ್ಲಿ ಉಳಿದವರ ಹೆಸರುಗಳನ್ನು ಬದಲಿಸಿದ್ದೇನೆ. ಈ ಮೂರನ್ನು ಬದಲಿಸಿಲ್ಲ.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ತಿಪಟೂರಿಗೆ ಹೋದೆ. ಶಿವಣ್ಣನವರು ಪುಸ್ತಕದ ಬೀರುಗಳ ನಡುವೆ ಪೇಪರು ಓದುತ್ತ ಕೂತಿದ್ದರು. ಹೇಳಿದೆ. "ಹನ್ನ" ಎಂದರು. "ಹಾನ್ನಾ" ಎಂದು ತಿದ್ದಿದೆ. "ಹಾನ್ನಾ. ಪೆತ್ರೋ. ಇನ್ನೊಬ್ಬ?" "ಇವಾನ್." ನಾಲಿಗೆಗೆ ಕೂರುವವರೆಗೆ ಮೂರನ್ನೂ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕನ್ನಡಕ ತೆಗೆದು, ಅವಸರದಿಂದ ನನ್ನ ಕಡೆ ತಿರುಗಿ, "ನಮ್ ಮೇಷ್ಟ್ರಿಗೆ ಹೇಳಿದ್ಯೇನಮ್ಮ?" ಎಂದರು.

ಕೇಳಿದ ಮೇಲೆ ಅವರಿಗೇ ನೆನಪಾಯಿತು. ಪೇಪರನ್ನು ಮತ್ತೆ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.